ಹಾರುವ ಕಪ್ಪೆಯೂ ಊರಿನ ನೀರೂ

ಕೂಪಮಂಡೂಕವೆಂದು ಹಳಿಯುವಾಗಲೂ ಕಪ್ಪೆಯ ತೂಕವೆಂದು ಹಾಸ್ಯ ಮಾಡುವಾಗಲೂ ಹೊರತು ಕಪ್ಪೆಯ ಹೆಸರನ್ನು ಜನರು ಎತ್ತುವುದು ವಿರಳ. ಮಳೆ ಕೈಕೊಟ್ಟ ವರ್ಷದಲ್ಲಿ ಮಾತ್ರ ಬಯಲುಸೀಮೆಯ ಎಷ್ಟೋ ಗ್ರಾಮಗಳಲ್ಲಿ ಅದಕ್ಕೆ ಮದುವೆ ಮಾಡಿಸಿ ಮೆರವಣಿಗೆ ತೆಗೆಯುವ ಪದ್ಧತಿಯುಂಟು. ಮಳೆ ಬಂದು ಕೆರೆಗೆ ನೀರಾದ ಮೇಲೆ ಆ ಪ್ರಾಣಿಯ ಗತಿಯೇನಾಯಿತೆಂದು ವಿಚಾರಿಸುವವರಿಲ್ಲ. ಹೊಲಕ್ಕೂ ತೋಟಕ್ಕೂ ಊರಿನ ನೀರಿಗೂ ಸಂಬಂಧಪಟ್ಟ ಈ ಜೀವಿಯ ವಿಷಯದಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ಕೊಂಚ ಯೋಚಿಸತಕ್ಕ ಕಾಲವು ಬಂದಿರುವುದು. ಆ ಯೋಚನೆಗೆ ಪೀಠಿಕೆಯಾಗಿ ಮಲೆನಾಡಿನ ಒಂದು ಅಪೂರ್ವವಾದ ಕಪ್ಪೆಯ ಸಂಗತಿಯನ್ನು ಮೊದಲು ತಿಳಿಯುವುದು ಉಚಿತ.

ಸಹ್ಯಾದ್ರಿಯ ಮಳೆಕಾಡುಗಳಲ್ಲಿಯೂ ಅವುಗಳ ಅಂಚಿನ ಕಾಫಿ, ಏಲಕ್ಕಿ, ಅಡಕೆ ತೋಟಗಳಲ್ಲಿಯೂ ಮರದಿಂದ ಮರಕ್ಕೆ ತೇಲಿ ಇಳಿಯುವ ಒಂದು ಜಾತಿಯ ಕಪ್ಪೆಯಿರುವುದು. ಇದನ್ನು ಹಾರುವ ಕಪ್ಪೆಯೆಂದು ಕರೆಯುವರು. ಮದರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಜೆರ್ಡನ್ ಎಂಬವರು 1870ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ ಮಲಬಾರ್ ಸೀಮೆಯ ಹೆಸರನ್ನು ಇದಕ್ಕೆ ಕೊಟ್ಟರು. ಹೆಣ್ಣು ಕಪ್ಪೆಯು ಸುಮಾರು ನಾಲ್ಕು ಅಂಗುಲ ಉದ್ದ ಬೆಳೆಯುವುದು. ಗಂಡು ಅದಕ್ಕಿಂತ ಚಿಕ್ಕದು. ಬೆನ್ನು ಎಳೆಯ ಎಲೆಯಂತೆ ಹಸುರು. ಕೈಕಾಲುಗಳ ಬೆರಳುಗಳ ನಡುವೆ ಹರಡಿಕೊಂಡಿರುವ ತೆಳುವಾದ ತೊಗಲು ಕಿತ್ತಳೆ ಬೆರೆತ ಕೆಂಪು. ಕುಳಿತಿರುವಾಗ ಈ ಕೆಂಪು ಮಡಿಚಿಕೊಂಡು ಮರೆಯಾಗುವುದರಿಂದ ಎಲೆಗಳ ನಡುವೆ ಪ್ರಾಣಿಯು ಕಣ್ಣಿಗೆ ಬೀಳುವುದೇ ಇಲ್ಲ.

ಹಾರುವುದೆಂಬ ಮಾತು ಅಕ್ಷರಶಃ ಸತ್ಯವಲ್ಲ. ಹಕ್ಕಿಯಂತೆ ರೆಕ್ಕೆ ಬಡಿದು ಮೇಲೇರುವ ಶಕ್ತಿ ಇದಕ್ಕಿಲ್ಲ. ಎತ್ತರದ ಕೊಂಬೆಯಿಂದ ನೆಗೆದು, ನಾಲ್ಕು ಅಂಗಗಳನ್ನೂ ಚಾಚಿ, ಬೆರಳುಗಳನ್ನು ಅಗಲಿಸಿದಾಗ ನಡುವಣ ತೊಗಲುಗಳು ನಾಲ್ಕು ಚಿಕ್ಕ ಕೊಡೆಗಳಂತೆ ಬಿಚ್ಚಿಕೊಳ್ಳುವುವು. ಗಾಳಿಯು ಅವುಗಳ ಕೆಳಗೆ ತಡೆದು ನಿಲ್ಲುವುದರಿಂದ ಕಪ್ಪೆಯು ಕಲ್ಲಿನಂತೆ ನೆಟ್ಟಗೆ ಬೀಳದೆ ಓರೆಯಾಗಿ ಮುಂದಕ್ಕೆ ತೇಲುವುದು. ಹೀಗೆ ಮೂವತ್ತು ನಲವತ್ತು ಅಡಿಗಳಷ್ಟು ದೂರ ಸಾಗಿ ಕೆಳಗಣ ಮತ್ತೊಂದು ಮರವನ್ನು ಸೇರಬಲ್ಲದು. ಬೆರಳುಗಳ ತುದಿಯಲ್ಲಿರುವ ಬಿಲ್ಲೆಗಳು ಎಲೆಗೂ ತೊಗಟೆಗೂ ಅಂಟಿಕೊಳ್ಳುವುದರಿಂದ ಇಳಿದ ಸ್ಥಳದಲ್ಲಿ ಜಾರುವುದಿಲ್ಲ.

ಇಂಥ ಪ್ರಾಣಿಗಳು ಪ್ರಪಂಚದ ಗಮನವನ್ನು ಸೆಳೆದದ್ದು ಹೊಸದೇನಲ್ಲ. ವಾಲೆಸ್ ಎಂಬ ಪ್ರಸಿದ್ಧ ಪ್ರಕೃತಿಶಾಸ್ತ್ರಜ್ಞರು ಬೋರ್ನಿಯೋ ದ್ವೀಪದಲ್ಲಿದ್ದಾಗ ಒಬ್ಬ ಚೀಣೀ ಕೂಲಿಕಾರನು ಅವರಿಗೆ ಇದೇ ಬಗೆಯ ಕಪ್ಪೆಯೊಂದನ್ನು ತಂದುಕೊಟ್ಟು, ಇದು ಎತ್ತರದ ಮರದಿಂದ ಹಾರಿಬಂದಂತೆ ಓರೆಯಾಗಿ ಇಳಿಯಿತೆಂದು ಹೇಳಿದನು. 1869ರಲ್ಲಿ ವಾಲೆಸರು ಅದನ್ನು ತಮ್ಮ ಪ್ರವಾಸಗ್ರಂಥದಲ್ಲಿ ಚಿತ್ರಸಹಿತವಾಗಿ ಪ್ರಕಟಿಸಿದರು. ಕನ್ನಡನಾಡಿನಲ್ಲಿಯೂ ಈ ವಿದ್ಯೆಗೆ ಹಿರಿಯರಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು ಮಲೆನಾಡಿನ ಕಪ್ಪೆಗಳನ್ನು ಸಂಗ್ರಹಿಸಿ, 1937ರಲ್ಲಿ ಅನೇಕ ಹೊಸ ಜಾತಿಗಳನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಒಂದು ಕಪ್ಪೆಗೂ, ಸಕಲೇಶಪುರದ ಕಡೆಯ ಕೆಂಪುಹೊಳೆಯ ಹೆಸರು ಮತ್ತೊಂದಕ್ಕೂ ಅಂದಿನಿಂದ ಅಂಟಿಕೊಂಡಿರುವುವು. ಒಂದು ಹಳ್ಳಿಯ ಹೆಸರು ವಿದ್ವಾಂಸರ ನಾಲಗೆಯ ಮೇಲೆ ದೇಶವಿದೇಶಗಳಲ್ಲಿ ಉಳಿಯಲು ಕಪ್ಪೆಯೂ ಕಾರಣವಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಆದರೆ ಗ್ರಾಮದ ಮುಖಂಡರು ಲಕ್ಷ್ಯವಿಡತಕ್ಕ ಸಂಗತಿಯು ಅದರ ಹಾರಾಟವಲ್ಲ. ಅದರ ಸಂತಾನದ ಕ್ರಮ. ಮುಂಗಾರು ಹಿಡಿದ ಮೇಲೆ ಈ ಕಪ್ಪೆಗಳು ಮರಗಳ ನೆತ್ತಿಯಿಂದ ಇಳಿದು ನೀರಿನ ಬಳಿಗೆ ಬರುವುವು. ಹೆಣ್ಣು ಕಪ್ಪೆಯು ನೀರಿನೊಳಗೆ ಮೊಟ್ಟೆಯಿಡದೆ, ನೀರಿನ ಮೇಲಕ್ಕೆ ಬಾಗಿದ ಕೊಂಬೆಯ ಎಲೆಗಳ ಮೇಲೆ ಒಂದು ದ್ರವವನ್ನು ಸುರಿಸಿ, ಹಿಂಗಾಲುಗಳಿಂದ ಮೊಸರು ಕಡೆಯುವಂತೆ ಅದನ್ನು ಕಡೆದು ನೊರೆಯೆಬ್ಬಿಸುವುದು. ಮೊಟ್ಟೆಗಳು ಆ ನೊರೆಯ ಮುದ್ದೆಯೊಳಗೆ ಸೇರಿರುವುವು. ಸುತ್ತಲಿನ ಎಲೆಗಳು ಅದಕ್ಕೆ ಅಂಟಿ ಗೂಡಿನಂತಾಗುವುದುಂಟು. ನೊರೆಯ ಹೊರಮೈ ಗಾಳಿಗೆ ಗಟ್ಟಿಯಾದರೂ ಒಳಗೆ ತೇವವು ಆರುವುದಿಲ್ಲ. ಕೆಲವು ದಿವಸಗಳಲ್ಲಿ ಮೊಟ್ಟೆಯೊಡೆದು ಮರಿಗಳಾಗಿ, ನೊರೆಯು ಕರಗಿದಂತೆ ಒಂದೊಂದಾಗಿ ಕೆಳಗಣ ನೀರಿಗೆ ಉದುರುವುವು. ಅಲ್ಲಿಂದ ಮುಂದೆ ಅವು ಬಾಲವುಳ್ಳ ಗೊದಮೊಟ್ಟೆಗಳು.

ಈ ಏರ್ಪಾಟಿನಲ್ಲಿ ಎರಡು ವಸ್ತುಗಳು ಕೂಡಿಯೇ ಇರಬೇಕು: ಮೇಲೆ ಬಾಗಿದ ಕೊಂಬೆ, ಕೆಳಗೆ ನಿರ್ಮಲವಾದ ನೀರು. ಕೊಂಬೆಯನ್ನು ಕಡಿದರೆ ಗೂಡಿಗೆ ಸ್ಥಳವಿಲ್ಲ. ಕೊಂಬೆಯಿದ್ದು ನೀರು ಬತ್ತಿದರೆ ಮರಿಗಳು ಒಣನೆಲದ ಮೇಲೆ ಬಿದ್ದು ಸಾಯುವುವು. ನೀರಿದ್ದು ಅದರಲ್ಲಿ ವಿಷ ಬೆರೆತರೆ ಬಿದ್ದ ಮರಿಗಳು ಬದುಕುವುದಿಲ್ಲ. ಮರವನ್ನು ಒಬ್ಬರು, ನೀರನ್ನು ಮತ್ತೊಬ್ಬರು ಬೇರೆಬೇರೆಯಾಗಿ ನೋಡಿಕೊಂಡರೆ ಸಾಲದು. ಇವೆರಡೂ ಸೇರುವ ಅಂಚನ್ನು ಯಾರಾದರೂ ಕಾಯಬೇಕು. ಗ್ರಾಮಗಳಲ್ಲಿ ಅನಾಥವಾಗಿರುವುದು ಈ ಅಂಚೇ.

ಹಾರುವ ಕಪ್ಪೆಯು ಇಂದೇ ಅಳಿದುಹೋಗುವ ಸ್ಥಿತಿಯಲ್ಲಿದೆಯೆಂದು ಹೇಳುವುದು ಸುಳ್ಳಾಗುವುದು. ಸಹ್ಯಾದ್ರಿಯ ತೋಟಗಳಲ್ಲಿ ಸಿಮೆಂಟಿನ ನೀರುತೊಟ್ಟಿಗಳ ಗೋಡೆಗೂ ಅದು ನೊರೆಗೂಡು ಕಟ್ಟಿಕೊಂಡು ಬಾಳುತ್ತಿರುವುದು. ಆದರೆ ಸಹ್ಯಾದ್ರಿಯನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಅದಿಲ್ಲ. ಇಲ್ಲಿ ಕಳೆದರೆ ಮತ್ತೊಂದು ದೇಶದಿಂದ ತರಿಸುವಂತಿಲ್ಲ. ಅದರ ಕುಲದ ಇತರ ಕಪ್ಪೆಗಳ ಸ್ಥಿತಿ ಅಷ್ಟು ನೆಮ್ಮದಿಯದಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯ ಪ್ರಕಾರ, ಕಪ್ಪೆಗಳೇ ಮೊದಲಾದ ಉಭಯಚರಗಳಲ್ಲಿ ನೂರಕ್ಕೆ ಸುಮಾರು 41 ಜಾತಿಗಳು ಅಪಾಯಕ್ಕೊಳಗಾಗಿರುವುವು. ಹಕ್ಕಿಗಳಿಗಾಗಲಿ ಸ್ತನಿಗಳಿಗಾಗಲಿ ಇಷ್ಟು ದೊಡ್ಡ ಪ್ರಮಾಣದ ಅಪಾಯವಿಲ್ಲ. ಕಪ್ಪೆಯು ತೊಗಲಿನ ಮೂಲಕವೂ ನೀರನ್ನೂ ಗಾಳಿಯನ್ನೂ ಹೀರುವ ಪ್ರಾಣಿ. ನೀರಿನಲ್ಲಿ ಏನು ಬೆರೆತಿದೆಯೋ ಅದು ನೇರವಾಗಿ ಅದರ ಮೈಗೆ ಸೇರುವುದರಿಂದ, ಇತರ ಪ್ರಾಣಿಗಳಿಗೆ ಕೆಡುಕು ತಿಳಿಯುವುದಕ್ಕೆ ಮೊದಲೇ ಕಪ್ಪೆಗೆ ತಿಳಿಯುವುದು.

ಮಲೆನಾಡಿನ ಈ ಮಾತು ಚಿತ್ರದುರ್ಗ ಜಿಲ್ಲೆಯ ರೈತರಿಗೇಕೆಂದು ಕೇಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬಿದ್ದರೆ ಹಿರಿಯೂರಿನ ಕಡೆಗೆ ಅದರ ಹತ್ತನೆಯ ಒಂದು ಭಾಗವೂ ಬೀಳುವುದಿಲ್ಲ. ಮದಕರಿಪುರದಂಥ ಊರಿನ ಸುತ್ತ ಹಾರುವ ಕಪ್ಪೆಯನ್ನು ಹುಡುಕುವುದು ವ್ಯರ್ಥಪ್ರಯಾಸ. ಹಾಗಿದ್ದರೂ ಈ ಪ್ರಶ್ನೆಗೆ ಎರಡು ಸಮಾಧಾನಗಳುಂಟು.

ಮೊದಲನೆಯದು, ಹಾರುವ ಕಪ್ಪೆಯ ದಾಯಾದಿಯೊಂದು ಬಯಲುಸೀಮೆಯ ಮನೆಗಳಲ್ಲಿಯೇ ಇರುವುದು. ಮಳೆಗಾಲದ ರಾತ್ರಿ ಬಚ್ಚಲಿನ ಗೋಡೆಗೆ ಅಂಟಿಕೊಂಡು ಕುಳಿತಿರುವ, ಕಂದುಬಣ್ಣದ, ಬೆರಳ ತುದಿಯಲ್ಲಿ ಬಿಲ್ಲೆಗಳುಳ್ಳ ಮರಗಪ್ಪೆಯನ್ನು ನೋಡದವರು ಕಡಿಮೆ. ಅದೂ ಅದೇ ವಂಶಕ್ಕೆ ಸೇರಿದುದು. ತೇಲುವ ತೊಗಲು ಇದಕ್ಕೆ ಇಲ್ಲದಿದ್ದರೂ ನೊರೆಗೂಡು ಕಟ್ಟುವ ಕುಲವಿದ್ಯೆಯನ್ನು ಬಿಟ್ಟಿಲ್ಲ. ತೋಟದ ತೊಟ್ಟಿಯ ಒಳಗೋಡೆಯಲ್ಲಿಯೂ ಹೊಂಡದ ಮೇಲೆ ಬಾಗಿದ ಗಿಡದಲ್ಲಿಯೂ ಅಂಟಿರುವ ಬಿಳಿಯ ನೊರೆಯ ಮುದ್ದೆಯು ಇದರದೇ. ಕೊಳೆಯೆಂದು ತಿಳಿದು ಆಳುಗಳು ಅದನ್ನು ಕೆರೆದೆಸೆಯುವರು. ಒಂದು ಮುದ್ದೆಯನ್ನು ಎಸೆದರೆ ನೂರಾರು ಮರಿಗಳು ಹೋದಂತೆಯೇ.

ಎರಡನೆಯದು, ಬಯಲುಸೀಮೆಯ ನೀರು ಬಯಲುಸೀಮೆಯಲ್ಲಿ ಮಾತ್ರ ಹುಟ್ಟಿದುದಲ್ಲ. ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವಭಾಗದಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಹರಿದು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯನ್ನು ಸೇರುವುವು. 1907ರಲ್ಲಿ ಮುಗಿದ ಅಲ್ಲಿಯ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದುದು ಬಿಟ್ಟರೆ 2022ರ ಪರ್ಯಂತ ಮತ್ತೆ ಕೋಡಿ ಬೀಳಲಿಲ್ಲ. ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರೂ ಆ ಸಾಗರಕ್ಕೆ ಬರುವಂತಾಗಿದೆ. ಭದ್ರೆಯು ಗಂಗಾಮೂಲದಲ್ಲಿ, ಸಹ್ಯಾದ್ರಿಯ ಮಳೆಕಾಡಿನ ಮಡಿಲಲ್ಲಿ, ಹುಟ್ಟುವ ನದಿ. ಹಾರುವ ಕಪ್ಪೆಗೆ ಬೇಕಾದ ಕಾಡೇ ಹಿರಿಯೂರಿನ ತೆಂಗಿಗೂ ಬೇಕಾದ ಕಾಡು. ಮೇಲಿನ ಊರಿನವರು ಹಳ್ಳದ ದಡದ ಮರಗಳನ್ನು ಉಳಿಸಿದರೆ ಕೆಳಗಿನ ಊರಿನವರಿಗೆ ನೀರು. ಕೆಳಗಿನ ಊರಿನವರು ತಮ್ಮ ಹಳ್ಳವನ್ನು ಕೆಡಿಸಿಕೊಂಡು ಮೇಲಿನವರಿಗೆ ಬುದ್ಧಿ ಹೇಳಿದರೆ ಅದಕ್ಕೆ ಬೆಲೆಯಿರುವುದಿಲ್ಲ.

ಇನ್ನು ಕಪ್ಪೆಯಿಂದ ಹೊಲಕ್ಕೆ ಲಾಭವೇನೆಂಬ ಪ್ರಶ್ನೆ. ಜೀರುಂಡೆ, ಮಿಡತೆ, ಗೆದ್ದಲು, ರಾತ್ರಿ ಹಾರುವ ಚಿಟ್ಟೆಗಳು ಇವೇ ಅದರ ಆಹಾರ. ನೆಲಗಡಲೆಯನ್ನು ಬಾಧಿಸುವ ಕೆಂಪು ಕಂಬಳಿಹುಳುವಿನ ಚಿಟ್ಟೆಗಳು ಮುಂಗಾರಿನ ಮೊದಲ ಹದವಾದ ಮಳೆಗೆ ನೆಲದಿಂದ ಎದ್ದುಬರುವುವು. ಕಪ್ಪೆಗಳೂ ಅದೇ ಮಳೆಗೆ ಬಿರುಕುಗಳಿಂದ ಹೊರಬೀಳುವುವು. ಕಪ್ಪೆಗಳೇ ಕೀಟಬಾಧೆಯನ್ನು ನಿರ್ಮೂಲ ಮಾಡುವುವೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಯಾವ ರೈತನೂ ಅದನ್ನು ನಂಬಿ ಕೈಕಟ್ಟಿ ಕೂರತಕ್ಕದ್ದಲ್ಲ. ಆದರೆ ಕೂಲಿ ಕೇಳದೆ ರಾತ್ರಿಯೆಲ್ಲಾ ದುಡಿಯುವ ಆಳನ್ನು ತಾನಾಗಿ ಓಡಿಸುವವನು ಜಾಣನಲ್ಲ.

ಈ ಆಳನ್ನು ದೇಶವು ಒಮ್ಮೆ ಮಾರಿಕೊಂಡದ್ದೂ ಉಂಟು. 1970ರ ದಶಕದಲ್ಲಿಯೂ 1980ರ ದಶಕದ ಮೊದಲ ವರ್ಷಗಳಲ್ಲಿಯೂ ಗೋಂಕರುಗಪ್ಪೆಯೇ ಮೊದಲಾದ ದೊಡ್ಡ ಕಪ್ಪೆಗಳ ಹಿಂಗಾಲುಗಳನ್ನು ಹಿಮಗಟ್ಟಿಸಿ ವರ್ಷವರ್ಷವೂ ಸಾವಿರಾರು ಟನ್ನುಗಳಂತೆ ಯೂರೋಪಿಗೂ ಅಮೆರಿಕಕ್ಕೂ ಕಳುಹಿಸಲಾಗುತ್ತಿತ್ತು. ಗದ್ದೆಗಳಲ್ಲಿ ಕೀಟಗಳು ಹೆಚ್ಚುವುವೆಂಬ ಭೀತಿಯೂ ಕಪ್ಪೆಗಳನ್ನು ಕೊಲ್ಲುವ ಕ್ರಮದ ಕ್ರೌರ್ಯವೂ ಚರ್ಚೆಗೆ ಬಂದು, 1987ರಲ್ಲಿ ಭಾರತ ಸರ್ಕಾರವು ಈ ರಫ್ತನ್ನು ನಿಷೇಧಿಸಿತು. 1989ರಲ್ಲಿ ಬಾಂಗ್ಲಾದೇಶವೂ ಹಾಗೆಯೇ ಮಾಡಿತು. ಹಡಗಿನಲ್ಲಿ ಹೋಗುತ್ತಿದ್ದ ಕಪ್ಪೆಯನ್ನು ಕಾನೂನು ತಡೆಯಿತು. ಊರಿನ ಹೊಂಡದಲ್ಲಿ ಸಾಯುವ ಕಪ್ಪೆಯನ್ನು ತಡೆಯುವುದು ಊರಿನವರ ಕೈಯಲ್ಲಿಯೇ ಇರುವುದು.

ಅಲ್ಲಿ ಅದನ್ನು ಕೊಲ್ಲುವುದರಲ್ಲಿ ಮುಖ್ಯವಾದುದು ಔಷಧ ಹೊಡೆಯುವಲ್ಲಿಯ ಅಜಾಗರೂಕತೆ. ಔಷಧವೇ ಬೇಡವೆಂದು ಹೇಳುವುದು ವ್ಯವಸಾಯ ತಿಳಿಯದವರ ಮಾತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯನ್ನು ಕಟ್ಟಿದ ಡಾಕ್ಟರ್ ಕೋಲ್ಮನ್ನರು 1910ರ ಸುಮಾರಿನಲ್ಲಿ ಅಡಕೆಯ ಕೊಳೆರೋಗವನ್ನು ವಿಚಾರಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲಿ ಬಳಕೆಗೆ ತಂದುದರಿಂದ ಎಷ್ಟೋ ಸಂಸಾರಗಳು ಉಳಿದುವು. ಅದೇ ತಾಮ್ರವು ನೀರಿಗೆ ಸೇರಿದರೆ ಗೊದಮೊಟ್ಟೆಗಳಿಗೆ ವಿಷ. ಔಷಧ ಹೊಡೆಯುವ ಕಾಲವೂ ಕಪ್ಪೆಗಳು ಮರಿಮಾಡುವ ಕಾಲವೂ ಮಳೆಗಾಲವೇ ಆಗಿರುವುದರಿಂದ ಜಾಗರೂಕತೆಯು ಇಲ್ಲಿ ಇಮ್ಮಡಿಯಾಗಿರಬೇಕು. ಬೆಳೆಗೆ ಹೊಡೆದ ಔಷಧವು ನೀರಿಗೆ ಸೇರಿದರೆ ಏನಾಗುವುದೆಂಬುದನ್ನು ಕಾಸರಗೋಡಿನ ಕನ್ನಡ ಗ್ರಾಮಗಳು ಕಂಡಿವೆ. ಅಲ್ಲಿಯ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ವಿಮಾನದಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಅದು ಹಳ್ಳಗಳಿಗೂ ಬಾವಿಗಳಿಗೂ ಇಳಿಯಿತು. ಜನರು ಪಟ್ಟ ಪಾಡು ದೇಶಕ್ಕೆಲ್ಲಾ ತಿಳಿದುದೇ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ನೀರಿನಲ್ಲಿ ಕಪ್ಪೆಯು ಸಾಯುತ್ತಿದೆಯೆಂದರೆ ಅದು ಕಪ್ಪೆಯ ವಿಷಯ ಮಾತ್ರವಲ್ಲ.

ಎರಡನೆಯ ಕಾರಣವು ಕೆರೆಯಂಗಳದ ಮರಗಳ ಹರಾಜು. ಬಳ್ಳಾರಿ ಜಾಲಿಯು ಕೆರೆಗಳನ್ನು ಕವಿದು ಕೆಡಿಸಿರುವುದು ನಿಜ. ಅದನ್ನು ತೆಗೆಸುವುದು ಸರಿಯಾದ ಕೆಲಸ. ಆದರೆ ಗುತ್ತಿಗೆದಾರನಿಗೆ ಜಾಲಿಯನ್ನು ಒಪ್ಪಿಸಿದಾಗ ನೀರಿನಂಚಿನ ಹೊಂಗೆ, ನೇರಳೆ, ಹೊಳೆಮತ್ತಿಗಳೂ ಜೊತೆಯಲ್ಲಿ ಉರುಳುವುದುಂಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿಯಿರುವ ಜಾತಿಗಳನ್ನು ಬಿಟ್ಟು ಉಳಿದ ಮರ ಕಡಿಯಲು ಅಪ್ಪಣೆ ಬೇಕು. ಕಾಯಿದೆಯನ್ನು ತೋರಿಸುವುದಕ್ಕಿಂತ ಮುಂಚಿತವಾಗಿ ಮರಗಳಿಗೆ ಸುಣ್ಣದ ಗುರುತು ಹಾಕಿಸಿ, ಗುರುತಿರುವುದನ್ನು ಮುಟ್ಟಕೂಡದೆಂದು ಕರಾರಿನಲ್ಲಿಯೇ ಬರೆಸುವುದು ಒಳ್ಳೆಯ ಉಪಾಯ. ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಮಣ್ಣಿನ ಏರಿಯ ಮೇಲೆ ದೊಡ್ಡ ಮರಗಳು ಬೆಳೆದರೆ ಬೇರಿನ ಜಾಡು ಹಿಡಿದು ನೀರು ಸೋರಿ ಏರಿಗೆ ಅಪಾಯವೆಂದು ಇಂಜಿನಿಯರುಗಳು ಹೇಳುವ ಮಾತು ಯಥಾರ್ಥ. ಆದುದರಿಂದ ಮರಗಳಿಗೆ ತಕ್ಕ ಸ್ಥಳವು ಏರಿಯಲ್ಲ. ಕೆರೆಗೆ ನೀರು ಬರುವ ಹಳ್ಳದ ಬಾಯಿ ಮತ್ತು ಅಂಗಳದ ಎರಡು ಮಗ್ಗುಲು.

ಮೂರನೆಯದು ಹೊಸ ಕಾಲದ ಸಂಗತಿ. 2014ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದಂದಿನಿಂದ ಒಣಜಿಲ್ಲೆಗಳ ಹೊಲಗಳಲ್ಲಿ ಕೃಷಿಹೊಂಡಗಳು ಎದ್ದಿವೆ. ಮಳೆನೀರನ್ನು ಹೊಲದಲ್ಲಿಯೇ ಹಿಡಿದಿಡುವ ಈ ಹೊಂಡಗಳು ರೈತನಿಗೆ ಮಾತ್ರವಲ್ಲದೆ ಕಪ್ಪೆಗೂ ವರವಾಗಬಲ್ಲವು. ಆದರೆ ಪಾಲಿಥೀನ್ ಹಾಳೆ ಹೊದಿಸಿದ ಕಡಿದಾದ ದಡವು ಜಾರುವುದರಿಂದ, ಒಳಗೆ ಬಿದ್ದ ನೆಲಗಪ್ಪೆಯೂ ಇತರ ಸಣ್ಣ ಪ್ರಾಣಿಗಳೂ ಹತ್ತಿಬರಲಾರದೆ ಮುಳುಗಿ ಕೊಳೆಯುವುವು, ನೀರೂ ಕೆಡುವುದು. ಒಂದು ಮೂಲೆಯಲ್ಲಿ ಒರಟಾದ ಹಗ್ಗದ ಬಲೆಯನ್ನೋ ಹಳೆಯ ಗೋಣಿತಾಟಿನ ಪಟ್ಟಿಯನ್ನೋ ದಡದಿಂದ ನೀರಿನವರೆಗೆ ಇಳಿಯಬಿಟ್ಟರೆ ಈ ಹಾನಿ ತಪ್ಪುವುದು. ಅಕಸ್ಮಾತ್ ಮಕ್ಕಳು ಜಾರಿದರೂ ಬಲೆಯು ಹಿಡಿಯಲು ಆಸರೆಯಾದೀತು. ಹೊಂಡಕ್ಕೆ ಬೇಲಿ ಹಾಕುವುದಂತೂ ಕಡ್ಡಾಯವೆಂದೇ ತಿಳಿಯತಕ್ಕದ್ದು.

ಮೇಲ್ಕಂಡ ವಿಷಯಗಳಿಂದ ಗ್ರಾಮದ ಮುಖಂಡರು ಮಾಡತಕ್ಕ ಕೆಲಸವು ಸ್ಪಷ್ಟವಾಗುವುದು. ಔಷಧ ಕಲಸುವ ಸ್ಥಳವು ಬಾವಿ, ಹಳ್ಳ, ಕೆರೆಗಳಿಂದ ದೂರವಿರಲಿ. ಸಿಂಪಡಿಸಿದ ಪಂಪನ್ನೂ ಡಬ್ಬಿಯನ್ನೂ ಕೆರೆಯಲ್ಲಿ ತೊಳೆಯುವುದನ್ನು ಪಂಚಾಯತಿಯು ನಿಲ್ಲಿಸಲಿ. ಮಳೆ ಮುಗಿಲು ಕಟ್ಟಿರುವಾಗ ಸಿಂಪಡಿಸಿದರೆ ಔಷಧವೂ ದಂಡ, ನೀರೂ ದಂಡ. ತೊಟ್ಟಿಯ ಗೋಡೆಯಲ್ಲಿ ನೊರೆಗೂಡು ಕಂಡರೆ ಹತ್ತು ದಿವಸ ಅದರ ಪಾಡಿಗೆ ಬಿಡಲಿ. ಕುಡಿಯುವ ನೀರಿನ ತೊಟ್ಟಿಯಾದರೆ ಮುಚ್ಚಳ ಹಾಕಿಸಿ, ಪಕ್ಕದಲ್ಲಿ ದನಗಳ ನೀರಿನ ಬಾನಿಯ ಮೇಲೆ ಒಂದು ಗಿಡ ಬಾಗುವಂತೆ ಬೆಳೆಸಲಿ. ಸೊಳ್ಳೆಗೆಂದು ಮರಿಮೀನು ಬಿಡುವವರು ಬಾವಿಗೂ ತೊಟ್ಟಿಗೂ ಬಿಡಲಿ; ಮಳೆಗೆ ತುಂಬಿ ಬೇಸಗೆಗೆ ಬತ್ತುವ ಗುಂಡಿಗಳಿಗೆ ಬಿಡುವುದು ಬೇಡ, ಏಕೆಂದರೆ ಆ ಮೀನುಗಳು ಗೊದಮೊಟ್ಟೆಯನ್ನೂ ತಿನ್ನುವುವು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾದುದು ಊರಿನಲ್ಲಿ ಮಾತು ನಡೆಯುವ ನಾಲ್ಕು ಜನರ ಮನಸ್ಸು.

ಬಡ ರೈತನೊಬ್ಬನು ತನ್ನ ಅರ್ಧ ಎಕರೆಯಲ್ಲಿ ಎಷ್ಟು ಎಚ್ಚರಿಕೆಯಿಂದಿದ್ದರೂ ಮೇಲಿನ ದೊಡ್ಡ ತೋಟದ ನೀರು ಅವನ ಗುಂಡಿಗೆ ಬರುವುದು. ಕೆರೆಯ ಹರಾಜನ್ನು ಒಪ್ಪುವವರು, ಹಳ್ಳದ ಅಂಚಿನ ಜಮೀನನ್ನು ಹೊಂದಿರುವವರು, ನೂರು ಮರಗಳಿಗೆ ಒಮ್ಮೆಗೆ ಔಷಧ ಹೊಡೆಸುವವರು ಜಮೀನುದಾರರೇ. ಆದಕಾರಣ ಹೊಣೆಯೂ ಮೊದಲು ಅವರದೇ. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆಶಂಕರನ ಕಥೆಯನ್ನು ಕೇಳದವರಿಲ್ಲ: ಪ್ರಸವದ ಸಂಕಟದಲ್ಲಿದ್ದ ಕಪ್ಪೆಗೆ ಹಾವು ತನ್ನ ಹೆಡೆಯನ್ನೇ ಬಿಸಿಲಿಗೆ ನೆರಳಾಗಿ ಹಿಡಿಯಿತೆಂಬ ಐತಿಹ್ಯವದು. ಕಪ್ಪೆಗೆ ಬೇಕಾದ ನೆರಳು ಇಂದಿಗೂ ಅಷ್ಟೇ, ನೀರಿನ ಮೇಲೆ ಬಾಗಿದ ಒಂದು ಕೊಂಬೆ. ಮುಂಗಾರಿಗೆ ಮೊದಲು ಪ್ರತಿಯೊಂದು ಗ್ರಾಮದ ಮುಖಂಡರು ತಮ್ಮ ಕೆರೆಯ ಸುತ್ತ ಒಮ್ಮೆ ನಡೆದು, ಉಳಿಸತಕ್ಕ ಮರಗಳನ್ನು ಎಣಿಸಿ ಗುರುತು ಹಾಕಿಸುವುದರಿಂದ ಈ ಕೆಲಸವು ಆರಂಭವಾಗಲಿ.